ಒಂದು ರಾತ್ರಿಯ ಗಡುವು: ಕಾನೂನು ವಿದ್ಯಾರ್ಥಿನಿಯೊಬ್ಬಳ ನೇಮಕಾತಿಯ ಆಪ್ತಸಲಹೆ ಪ್ರಕರಣ

ವಿದ್ಯಾರ್ಥಿನಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ. ಆಕೆಯನ್ನು 'ಸ' ಎಂದು ಕರೆಯೋಣ. ಐದು ವರ್ಷಗಳ ಕಾನೂನು ಪದವಿಯ ಕೊನೆಯ ವರ್ಷದಲ್ಲಿದ್ದ 'ಸ' ಹಾವೇರಿ ಕಡೆಯ ಒಕ್ಕಲುತನದ ಮನೆಯವಳು. ಓದಿಗೆ ತೆಗೆದ ಬ್ಯಾಂಕ್ ಸಾಲದ ಕಂತು ಪದವಿ ಮುಗಿದ ಮೇಲೆ ಆರಂಭವಾಗುವುದಿತ್ತು. ಬೆಂಗಳೂರಿನ ಒಂದು ವಕೀಲರ ಸಂಸ್ಥೆ ಆಕೆಯನ್ನು ಸಂದರ್ಶಿಸಿ, ಶುಕ್ರವಾರ ಸಂಜೆ ನೇಮಕಾತಿ ಪತ್ರ ಕಳುಹಿಸಿ, ಮರುದಿನ ಮಧ್ಯಾಹ್ನದೊಳಗೆ ಸಹಿ ಮಾಡಿದ ಪ್ರತಿ ಬರದಿದ್ದರೆ ಕೆಲಸ ಬೇರೆಯವರಿಗೆ ಹೋಗುತ್ತದೆ ಎಂದು ತಿಳಿಸಿತ್ತು. ಮುಂದಿನ ಬುಧವಾರ ಮತ್ತೊಂದು ಕಂಪನಿಯ ಕಾನೂನು ವಿಭಾಗದಲ್ಲಿ ಆಕೆಗೆ ಸಂದರ್ಶನವಿತ್ತು.

ಪತ್ರದ ಷರತ್ತುಗಳು ಇಷ್ಟು: ಎರಡು ವರ್ಷ ಬಿಡುವಂತಿಲ್ಲ, ಬಿಟ್ಟರೆ ಮೂರು ಲಕ್ಷ ರೂಪಾಯಿ ಕಟ್ಟಬೇಕು, ಮೂಲ ಅಂಕಪಟ್ಟಿಗಳನ್ನು ಕಚೇರಿಯಲ್ಲಿ ಇಡಬೇಕು, ಅಂತಿಮ ಪರೀಕ್ಷೆಗೆ ಮುನ್ನ ಸತತ ಎರಡು ತಿಂಗಳು ಸಂಭಾವನೆಯಿಲ್ಲದ ಇಂಟರ್ನ್‌ಶಿಪ್ ಮಾಡಬೇಕು. ಪತ್ರದಲ್ಲಿಲ್ಲದ ಒಂದು ಮಾತನ್ನೂ ಆಕೆ ತಡವಾಗಿ, ಸಂಕೋಚದಿಂದ ಹೇಳಿದಳು. ಮನೆಯಲ್ಲಿ ಗಂಡು ನೋಡುತ್ತಿದ್ದಾರೆಯೇ ಎಂದು ಸಂದರ್ಶನದಲ್ಲಿ ಕೇಳಿದ್ದರಂತೆ.

ಈಗ ಸಹಿ ಹಾಕಿ, ಬೇರೆ ಕೆಲಸ ಸಿಕ್ಕರೆ ಬಿಟ್ಟುಬಿಡು ಎಂದು ಗೆಳತಿಯರು ಹೇಳಿದ್ದರು. "ಸಹಿ ಹಾಕಿದ ಮ್ಯಾಲೆ ಹಿಂದಕ್ಕ ಸರಿಯೂದು ಬ್ಯಾಡವ್ವಾ" ಎಂದಷ್ಟೇ ಹೇಳಿ ತಂದೆ ಫೋನ್ ಇಟ್ಟಿದ್ದರು. ಆದರೆ ಆಕೆಯನ್ನು ನಿಜವಾಗಿ ಕಾಡುತ್ತಿದ್ದುದು ಈ ಎರಡು ಮಾತುಗಳ ನಡುವಿನ ಆಯ್ಕೆಯಲ್ಲ, ಸಮಯ ಕೇಳಿದರೆ ಉದ್ಧಟತನ ಎಂದುಕೊಂಡಾರೆಂಬ ಅಳುಕು. ಇಂಥ ಅಳುಕು ಮನೆಯಲ್ಲಿ ಮೊದಲು ಓದಿದವರಲ್ಲಿ ಹೆಚ್ಚು. ವಕೀಲರ ಮನೆಯ ಮಕ್ಕಳು ಇದೇ ಪತ್ರವನ್ನು ಊಟದ ಹೊತ್ತಿಗೆ ಅಪ್ಪನ ಮುಂದಿಟ್ಟು ಚರ್ಚಿಸುತ್ತಾರೆ. ಆದ್ದರಿಂದ ಮೊದಲು ಮಾತನಾಡಿದ್ದು ಕಾನೂನಿನ ಬಗ್ಗೆ ಅಲ್ಲ, ಕೇಳುವ ಬಗ್ಗೆ. ಕೇಳುವ ಮಾತುಗಳನ್ನು ಆಕೆಯಿಂದಲೇ ಬರೆಸಿ, ಗಟ್ಟಿಯಾಗಿ ಓದಿಸಿದೆ.

ಕಾನೂನಿನ ಅಂಶಗಳನ್ನು ಆಕೆಯ ಕರಾರು ಕಾನೂನಿನ ಉಪನ್ಯಾಸಕರೊಂದಿಗೆ ಕುಳಿತು ನೋಡಿದೆವು. ಗಡುವಿನ ವಿಷಯದಲ್ಲಿ ಕಾನೂನು ಆಕೆಯ ನೆರವಿಗೆ ಬರುವುದಿಲ್ಲ. 1872ರ ಭಾರತೀಯ ಕರಾರು ಅಧಿನಿಯಮದ 5ನೇ ಕಲಮಿನಂತೆ, ಒಪ್ಪಿಗೆಯನ್ನು ರವಾನಿಸುವ ಮೊದಲು ಪ್ರಸ್ತಾವವನ್ನು ಹಿಂದಕ್ಕೆ ಪಡೆಯಬಹುದು. ಬಾಂಡ್, ಅಂದರೆ ಅವಧಿಗೆ ಮುನ್ನ ಬಿಟ್ಟರೆ ಹಣ ಕಟ್ಟಬೇಕೆಂಬ ಷರತ್ತಿನ ವಿಷಯ ಇಷ್ಟು ಸರಳವಲ್ಲ. ವೃತ್ತಿಗೆ ತಡೆಯೊಡ್ಡುವ ಕರಾರು ಶೂನ್ಯ ಎಂಬ 27ನೇ ಕಲಮನ್ನು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ಪಡೆದಿದ್ದ 'ಸ', ಬಾಂಡ್ ಹೇಗೂ ಊರ್ಜಿತವಾಗದು ಎಂದು ನಂಬಿದ್ದಳು. ಆದರೆ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ, ಮೂರು ವರ್ಷ ಸೇವೆ ಸಲ್ಲಿಸದಿದ್ದರೆ ಎರಡು ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಕರ್ನಾಟಕ ಹೈಕೋರ್ಟ್ ಅದಕ್ಕೂ ಮುನ್ನ ನೌಕರನ ಪರವಾಗಿ ತೀರ್ಪು ಕೊಟ್ಟಿತ್ತು. ಅದು ಸಾರ್ವಜನಿಕ ವಲಯದ ಬ್ಯಾಂಕಿನ ಮಾತು, ನಿಜ. 74ನೇ ಕಲಮಿನಂತೆ ನಮೂದಿಸಿದ ಮೊತ್ತ ಗರಿಷ್ಠ ಮಿತಿ ಮಾತ್ರ, ಕೊಡಿಸುವುದು ಸಮಂಜಸವಾದ ಪರಿಹಾರವನ್ನು ಎಂಬುದೂ ನಿಜ. ಆದರೂ ನ್ಯಾಯಾಲಯದಲ್ಲಿ ಬಿದ್ದುಹೋಗುತ್ತದೆಂಬ ಲೆಕ್ಕದಲ್ಲಿ ಸಹಿ ಹಾಕುವುದು ಅಪಾಯ. ಇನ್ನು ಇಂಟರ್ನ್‌ಶಿಪ್: ವಕೀಲಿ ವೃತ್ತಿಯ ನಿಯಂತ್ರಣ ಸಂಸ್ಥೆಯಾದ ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಐದು ವರ್ಷದ ಕೋರ್ಸಿನವರು ಒಟ್ಟು ಕನಿಷ್ಠ 20 ವಾರ ಇಂಟರ್ನ್‌ಶಿಪ್ ಮಾಡಬೇಕಾದರೂ, ಯಾವುದೇ ವರ್ಷದಲ್ಲಿ ಅದು ಸತತ ನಾಲ್ಕು ವಾರ ಮೀರುವಂತಿಲ್ಲ. ಕಾನೂನು ಕಚೇರಿಯೊಂದು ಇದನ್ನು ಗಮನಿಸದೆ ಷರತ್ತು ಬರೆದದ್ದು ವಿಚಿತ್ರವೇ ಸರಿ.

ನಾನು ಕೊಟ್ಟ ಸಲಹೆ ಹೀಗಿತ್ತು. ಪತ್ರಕ್ಕಾಗಿ ಕೃತಜ್ಞತೆ ಹೇಳಿ, ಒಂದು ವಾರದ ಸಮಯ ಕೇಳಬೇಕು. ಬೇರೆ ಸಂದರ್ಶನವಿದೆ ಎಂಬುದನ್ನು ಮುಚ್ಚಿಡಬೇಕಿಲ್ಲ, ಕಂಪನಿಯ ಹೆಸರು ಹೇಳಬೇಕಾಗಿಯೂ ಇಲ್ಲ. ಮೂಲ ಅಂಕಪಟ್ಟಿಗಳನ್ನು ಪರಿಶೀಲನೆಗೆ ತೋರಿಸಿ ಮರಳಿ ತರಬೇಕು. ಬಾಂಡ್ ಮೊತ್ತ ಯಾವ ತರಬೇತಿಯ ಖರ್ಚು ಎಂದು ಕೇಳಬೇಕು. ಗೆಳತಿಯರ ದಾರಿಯನ್ನು ಮಾತ್ರ ನಾನು ಒಪ್ಪಲಿಲ್ಲ. ಮನಸ್ಸಿಲ್ಲದೆ ಹಾಕಿದ ಸಹಿಯ ಬೆಲೆಯನ್ನು ಆ ಜಾಗಕ್ಕೆ ಕಾದಿದ್ದ ಇನ್ನೊಬ್ಬ ವಿದ್ಯಾರ್ಥಿ ತೆರುತ್ತಾನೆ, ಮುಂದಿನ ವರ್ಷ ಆ ಸಂಸ್ಥೆ ಕಾಲೇಜಿನ ಕಡೆ ತಿರುಗಿಯೂ ನೋಡುವುದಿಲ್ಲ. ಸಮಯ ಕೊಡದಿದ್ದರೆ ಕೆಲಸ ಕೈತಪ್ಪಬಹುದು ಎಂಬುದನ್ನೂ ಸ್ಪಷ್ಟವಾಗಿ ಹೇಳಿದೆ. ಸಾಲದ ಕಂತಿನ ಲೆಕ್ಕ ಹಾಕಿ, ಆ ನಷ್ಟವನ್ನು ತಾಳಿಕೊಳ್ಳಬಹುದೇ ಎಂದು ತಂದೆಯೊಂದಿಗೆ ಮಾತನಾಡಿದ ಮೇಲೆಯೇ ಆಕೆ ಪತ್ರ ಕಳುಹಿಸಿದಳು.

ಸೋಮವಾರ ಸಂಸ್ಥೆಯ ಪಾಲುದಾರರೊಬ್ಬರು, ಆಕೆ ಸೂಚಿಸಿದಂತೆ, ನನಗೇ ಕರೆ ಮಾಡಿದರು. ಅವರು ಕೆಟ್ಟವರೇನಲ್ಲ. ಹಿಂದಿನ ವರ್ಷ ಒಪ್ಪಿಕೊಂಡ ಇಬ್ಬರು ಕೆಲಸಕ್ಕೆ ಸೇರುವ ವಾರದಲ್ಲಿ ಕೈಕೊಟ್ಟಿದ್ದರಿಂದ ಈ ಗಡುವು, ಈ ಬಾಂಡ್. ಅವರ ಕಷ್ಟವನ್ನು ಒಪ್ಪಿಕೊಂಡೇ ನಾನು ಹೇಳಿದ್ದು: ಒಂದು ರಾತ್ರಿಯಲ್ಲಿ ಪಡೆದ ಒಪ್ಪಿಗೆಯಲ್ಲಿ ನಿರ್ಧಾರವಿರುವುದಿಲ್ಲ, ಹೆದರಿಕೆಯಿರುತ್ತದೆ, ಅಂಥ ಒಪ್ಪಿಗೆಯೇ ಮೊದಲು ಮುರಿಯುತ್ತದೆ. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಗಡುವು ಇಟ್ಟು, ಸಂಬಳ ಮತ್ತು ಷರತ್ತುಗಳನ್ನು ಸಂದರ್ಶನಕ್ಕೆ ಮೊದಲೇ ತಿಳಿಸಿದರೆ, ಹೋಗುವವರು ಆಗಲೇ ಹೋಗುತ್ತಾರೆ. ಮದುವೆಯ ಪ್ರಶ್ನೆಯನ್ನು 'ಸ'ಳ ಅನುಮತಿಯಿಂದ ಪ್ರಸ್ತಾಪಿಸಿದೆ. ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ, ಕೊಡಗಿನ ಸಿ.ಬಿ. ಮುತ್ತಮ್ಮ ಅವರ ಪ್ರಕರಣದಲ್ಲಿ, ಮಹಿಳಾ ಅಧಿಕಾರಿ ಮದುವೆಗೆ ಸರ್ಕಾರದ ಅನುಮತಿ ಪಡೆಯಬೇಕೆಂಬ ನಿಯಮವನ್ನು ಸುಪ್ರೀಂ ಕೋರ್ಟ್ 1979ರಲ್ಲಿಯೇ ಕಟುವಾಗಿ ಟೀಕಿಸಿದ್ದನ್ನು ಅವರಿಗೆ ನೆನಪಿಸಬೇಕಾಗಿ ಬಂದದ್ದು ನನಗೇ ಮುಜುಗರ ತಂದಿತು.

ಸಂಸ್ಥೆ ಶುಕ್ರವಾರದವರೆಗೆ ಸಮಯ ಕೊಟ್ಟಿತು. ಅಂಕಪಟ್ಟಿಯ ಷರತ್ತನ್ನು ಕೈಬಿಟ್ಟು, ಇಂಟರ್ನ್‌ಶಿಪ್ಪನ್ನು ನಾಲ್ಕು ವಾರಕ್ಕಿಳಿಸಿ ಸಂಭಾವನೆ ನಿಗದಿಮಾಡಿತು. ಬಾಂಡ್ ಉಳಿಯಿತು, ಆದರೆ ಒಂದು ವರ್ಷಕ್ಕೆ, ಸೇವೆಯ ತಿಂಗಳುಗಳು ಕಳೆದಂತೆ ಮೊತ್ತ ಇಳಿಯುವ ಹಾಗೆ. ಬುಧವಾರದ ಸಂದರ್ಶನ ಮುಗಿಸಿ ಬಂದ 'ಸ', ವಕೀಲಿಕೆಯೇ ತನಗೆ ಬೇಕೆಂದು ತೀರ್ಮಾನಿಸಿ ಗುರುವಾರ ಸಹಿ ಹಾಕಿ, ಅದೇ ದಿನ ಕಂಪನಿಗೆ ತನ್ನ ಹೆಸರು ಕೈಬಿಡುವಂತೆ ಬರೆದಳು. ಮದುವೆಯ ಪ್ರಶ್ನೆಯ ಬಗ್ಗೆ ಮಾತ್ರ ಸಂಸ್ಥೆಯಿಂದ ಲಿಖಿತವಾಗಿ ಏನೂ ಬರಲಿಲ್ಲ. ಅವರು ಮತ್ತೆ ಕ್ಯಾಂಪಸ್ಸಿಗೆ ಬರುವ ಮುನ್ನ, ಸಂದರ್ಶನದಲ್ಲಿ ಏನನ್ನು ಕೇಳುವುದಿಲ್ಲ ಎಂಬುದನ್ನು ಬರಹದಲ್ಲಿ ಪಡೆಯುವಂತೆ ಕಾಲೇಜಿನ ಪ್ಲೇಸ್‌ಮೆಂಟ್ ಸಮಿತಿಗೆ ತಿಳಿಸಿದ್ದೇನೆ.