ಕಂಪನಿ ಬಿಟ್ಟ ಆರ್ಡರನ್ನು ಡೈರೆಕ್ಟರ್ ಸ್ವಂತಕ್ಕೆ ಹಿಡಿಯಬಹುದಾ?

"ಕೈಯಲ್ಲಿ ದುಡ್ಡಿಲ್ಲ ಅಂತ ನಮ್ಮ ಪ್ರೈವೇಟ್ ಲಿಮಿಟೆಡ್ ಕಂಪನಿ ಒಂದು ಆರ್ಡರ್ ಬಿಟ್ಟಿತು. ನಾನೂ ಅಲ್ಲಿ ಡೈರೆಕ್ಟರ್. ಅದನ್ನೇ ನನ್ನ ಹೆಸರಲ್ಲಿ ಹಿಡಿದರೆ ತಪ್ಪಾ? ಅಮೆರಿಕದಲ್ಲಿ ತಪ್ಪಲ್ಲವಂತೆ" ಎಂದು ಕೇಳಿದ್ದೀರಿ. ನಾನು ಕಂಪನಿ ಸೆಕ್ರೆಟರಿ, ಬೋರ್ಡ್ ಮೀಟಿಂಗಿನ ಮಿನಿಟ್ಸ್ ಬರೆಯುವವನು. ಆರ್ಡರ್ ಹಿಡಿಯುವ ಮೊದಲೇ ಕೇಳಿದಿರಲ್ಲ, ಒಳ್ಳೇದಾಯ್ತು.

ಅಮೆರಿಕದ ಮಾತು ಅರ್ಧ ನಿಜ. ಡೆಲವೇರ್ ರಾಜ್ಯದಲ್ಲಿ ಬ್ರೋಜ್ ಎಂಬ ಡೈರೆಕ್ಟರ್ ಒಂದು ಮೊಬೈಲ್ ಲೈಸೆನ್ಸನ್ನು ತಮ್ಮ ಸ್ವಂತ ಕಂಪನಿಗೆ ಕೊಂಡರು. ಅವರು ಡೈರೆಕ್ಟರ್ ಆಗಿದ್ದ ಇನ್ನೊಂದು ಕಂಪನಿ ಆಗಷ್ಟೇ ದಿವಾಳಿಯಿಂದ ಎದ್ದು ಇದ್ದ ಲೈಸೆನ್ಸುಗಳನ್ನೇ ಮಾರುತ್ತಿತ್ತು. ಅದರ ಸಿಇಒಗೆ ಮೊದಲೇ ಹೇಳಿದ್ದರು ಕೂಡ. 1996ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತಪ್ಪಿಲ್ಲ ಎಂದಿತು. ಆದರೆ ಅದೇ ರಾಜ್ಯದಲ್ಲಿ 1939ರಲ್ಲಿ ಗತ್ ಎಂಬುವವರು ಸೋತಿದ್ದರು. ಅವರು ತಾವೇ ಅಧ್ಯಕ್ಷರಾಗಿದ್ದ ಲಾಫ್ಟ್ ಎಂಬ ಮಿಠಾಯಿ ಕಂಪನಿಯ ದುಡ್ಡು, ಜನರನ್ನು ಬಳಸಿಕೊಂಡು ಪೆಪ್ಸಿಯನ್ನು ಬೆಳೆಸಿದ್ದರು. ಆ ಪೆಪ್ಸಿ ಷೇರುಗಳು ಲಾಫ್ಟ್ ಪಾಲಾದವು.

ಇಂಗ್ಲೆಂಡಿನ ದಾರಿಯೇ ಬೇರೆ. ರೀಗಲ್ ಎಂಬ ಸಿನಿಮಾ ಕಂಪನಿ ಇನ್ನೆರಡು ಥಿಯೇಟರ್ ಲೀಸ್ ಹಿಡಿಯಲು ಒಂದು ಮರಿ ಕಂಪನಿ ಮಾಡಿತು. ಅದಕ್ಕೆ 5000 ಪೌಂಡ್ ಬಂಡವಾಳ ಬೇಕು, ರೀಗಲ್ ಹಾಕಲು ಆದದ್ದು 2000. ಉಳಿದದ್ದನ್ನು ಡೈರೆಕ್ಟರುಗಳು ಮತ್ತಿತರರು ಹಾಕಿದರು. ಆಮೇಲೆ ಎಲ್ಲ ಮಾರಿದಾಗ ಅವರಿಗೆ ಒಂದು ಷೇರಿಗೆ ಸುಮಾರು 2 ಪೌಂಡ್ 16 ಶಿಲ್ಲಿಂಗ್ ಲಾಭ ಬಂತು. ಮೋಸ ಇಲ್ಲ, ಕಂಪನಿಗೆ ನಷ್ಟವೂ ಇಲ್ಲ. ಆದರೂ 1942ರಲ್ಲಿ ಆಗಿನ ಅಲ್ಲಿನ ಅತ್ಯುನ್ನತ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ ನಾಲ್ವರು ಡೈರೆಕ್ಟರುಗಳಿಂದ ಆ ಲಾಭ ಕಕ್ಕಿಸಿತು. ಷೇರುದಾರರ ಒಪ್ಪಿಗೆ ಪಡೆದಿದ್ದರೆ ಬಚಾವಾಗುತ್ತಿದ್ದರು. ಕಂಪನಿಗೆ ಆ ಅವಕಾಶ ಬಳಸಲು ಆಗುತ್ತಿತ್ತೋ ಇಲ್ಲವೋ ಅನ್ನುವುದು ಲೆಕ್ಕಕ್ಕಿಲ್ಲ ಎಂದು ಅಲ್ಲಿನ 2006ರ ಕಾಯಿದೆಯೂ ಹೇಳುತ್ತದೆ. ನನಗೆ ಇದು ಸ್ವಲ್ಪ ಜಾಸ್ತಿ ಕಠಿಣ ಅನ್ನಿಸಿದರೂ, "ದುಡ್ಡಿಲ್ಲ" ಅಂತ ಬೋರ್ಡಿನಲ್ಲಿ ಹೇಳುವವರೂ ಡೈರೆಕ್ಟರುಗಳೇ ಅಲ್ವಾ?

ಜರ್ಮನಿಯಲ್ಲಿ ದೊಡ್ಡ ಕಂಪನಿಯ ಆಡಳಿತ ಮಂಡಳಿಯವರು ಕಂಪನಿಯ ವ್ಯಾಪಾರವನ್ನೇ ಸ್ವಂತಕ್ಕೆ ಮಾಡಲು ಮೇಲ್ವಿಚಾರಣಾ ಮಂಡಳಿಯ ಅನುಮತಿ ಬೇಕು.

ನಿಮಗೆ ಅನ್ವಯಿಸುವುದು ನಮ್ಮ 2013ರ ಕಂಪನಿ ಕಾಯಿದೆಯ 166ನೇ ಸೆಕ್ಷನ್. ನಿಮ್ಮ ಹಿತ ಕಂಪನಿಯ ಹಿತಕ್ಕೆ ಅಡ್ಡ ಬರಬಹುದಾದ ಪರಿಸ್ಥಿತಿಗೂ ನೀವು ಇಳಿಯಬಾರದು. ನ್ಯಾಯವಲ್ಲದ ಲಾಭ ಮಾಡಿಕೊಂಡರೆ ಅಷ್ಟನ್ನೂ ಕಂಪನಿಗೆ ಕಟ್ಟಬೇಕು. 1 ಲಕ್ಷದಿಂದ 5 ಲಕ್ಷದವರೆಗೆ ದಂಡವೂ ಇದೆ. ಹಾಗಾಗಿ ಡೆಲವೇರ್ ತೀರ್ಪು ನಂಬಿಕೊಂಡು ಹೊರಡಬೇಡಿ.

ನಾನು ನೋಡಿದ ಒಂದು ಡೈ ತಯಾರಿಸುವ ಕಂಪನಿಯಲ್ಲಿ ಇಂಥದ್ದೇ ಆರ್ಡರಿಗೆ ಪಾಲುದಾರ ಟೀ ಕುಡಿಯುತ್ತಾ "ನೀನೇ ಮಾಡ್ಕೋ" ಅಂದಿದ್ದರು. ಎರಡು ವರ್ಷದ ಮೇಲೆ ಜಗಳವಾಯಿತು. ಮಿನಿಟ್ಸ್ ಪುಸ್ತಕ ತಿರುವಿ ಹಾಕಿದೆ. ಒಂದು ಸಾಲೂ ಇರಲಿಲ್ಲ. ಆ ಮಾತು ಆಡಿದ್ದೇ ನೆನಪಿಲ್ಲ ಅಂದರು.

ಆರ್ಡರ್ ಕೊಡುವ ಪಾರ್ಟಿಗೆ ಹೂಂ ಅನ್ನುವ ಮೊದಲು ವಿಷಯವನ್ನು ಅಜೆಂಡಾದಲ್ಲಿ ಹಾಕಿಸಿ. ರೇಟು, ಲಾಭದ ಅಂದಾಜು, ಎಲ್ಲ ಬಿಚ್ಚಿ ಹೇಳಿ. ತೀರ್ಮಾನ ಮಾಡುವಾಗ ನೀವು ಎದ್ದು ಹೊರಗೆ ಹೋಗಿ. ಕಂಪನಿ ಯಾಕೆ ಬಿಟ್ಟಿತು ಅನ್ನುವ ಕಾರಣ ಮಿನಿಟ್ಸಿನಲ್ಲಿ ಬರಲಿ. ಷೇರುದಾರರ ಒಪ್ಪಿಗೆಯೂ ಲಿಖಿತವಾಗಿ ಸಿಕ್ಕರೆ ಇನ್ನೂ ಗಟ್ಟಿ. ಬೇರೆ ಡೈರೆಕ್ಟರುಗಳು ಬೇಡ ಅಂದರೆ ಆ ಆರ್ಡರ್ ಬಿಟ್ಟುಬಿಡಿ.