ಹರಳಿನ ಗುಂಪಿನಾಗ ಮಾನ್ವಿ ಊರಿನ ತಮ್ಮ ಹಾಕಿದ ಪೋಸ್ಟಿಗೆ: ವಜ್ರ ವಿಷ ಅಲ್ಲ, ಆ ಉಪ್ಪುನೀರು ನಿಲ್ಸು

ತಮ್ಮಾ, ಆಂಧ್ರದ ಕರ್ನೂಲು ಜಿಲ್ಲೆಯ ಜೊನ್ನಗಿರಿ ಹೊಲದಾಗ ಸಿಕ್ಕ ಹರಳನ್ನ ಮಗ ನುಂಗ್ಯಾನ, ವಜ್ರ ಇದ್ರ ವಿಷ ಏರ್ತೈತಿ ಅಂತ ಉಪ್ಪುನೀರು ಕುಡಿಸಿದ್ವಿ, ಕಲ್ಲು ಬರಲಿಲ್ಲ, ಇನ್ನೊಮ್ಮೆ ಕುಡಿಸ್ಲಾ ಅಂತ ಕೇಳೀಯಲ್ಲ. ಬ್ಯಾಡ. ಇನ್ನೊಂದು ಗುಟುಕೂ ಬ್ಯಾಡ. ಮೊದಲು ಹುಡುಗನ್ನ ದವಾಖಾನಿಗೆ ಕರ್ಕೊಂಡು ಹೋಗು, ಉಪ್ಪು ಎಷ್ಟು ಹಾಕಿದ್ದಿ ಅಂತ ಡಾಕ್ಟರಿಗೆ ಬಿಚ್ಚಿ ಹೇಳು. ಉಳಿದದ್ದು ಆಮ್ಯಾಲೆ ಓದು. "ಬೇವಿನ ರಸ ಕುಡಿಸ್ರಿ" ಅಂತ ಕೆಳಗ ಬರದೋರೆ, ದಯವಿಟ್ಟು ಅದನ್ನ ಅಳಿಸ್ರಿ.

ಇದೇ ತಪ್ಪು ನಾನು ಮಾಡೀನಿ. ಸಣ್ಣ ಮಗಳಿಗೆ ಆಗ ನಾಕು ವರ್ಷ. ಮುಂಗಾರಿನ ಮೊದಲ ಮಳಿಗೆ ಜೊನ್ನಗಿರಿಗೆ ಹೋಗಿ ತಂದ ಹರಳನ್ನ ತೊಳದು ಕಿಟಕಿ ಕಟ್ಟಿ ಮ್ಯಾಲೆ ಒಣಗಾಕ ಇಟ್ಟಿದ್ದೆ. ಕಲ್ಲುಸಕ್ಕರಿ ಅಂತ ಬಾಯಿಗೆ ಹಾಕ್ಕೊಂಡು ನುಂಗಿಬಿಟ್ಟಳು. ನಮ್ಮವ್ವ "ವಜ್ರ ಕರುಳು ಕತ್ತರಿಸ್ತೈತಿ" ಅಂತ ಎದಿ ಬಡ್ಕೊಂಡಳು. ನಾಟಕದಾಗ ಉಂಗುರದ ವಜ್ರ ನೆಕ್ಕಿ ಸಾಯೋದು ನೋಡಿ ಬೆಳೆದೋರು ನಾವು. ಒಂದು ಚೊಂಬು ನೀರಿಗೆ ಒಂದು ಹಿಡಿ ಉಪ್ಪು ಹಾಕಿ ಕುಡಿಸಿದ್ವಿ. ನಾಕು ಸಲ ವಾಂತಿ ಆತು. ಕೂಸಿನ ತುಟಿ ಒಣಗಿ, ಕರದ್ರ ಓ ಅನ್ನದಂಗ ಆತು. ಡಾಕ್ಟರು ಕಲ್ಲಿನ ಬಗ್ಗೆ ಒಂದೇ ಪ್ರಶ್ನೆ ಕೇಳಿದ್ರು, ಉಪ್ಪಿನ ಬಗ್ಗೆ ಹತ್ತು. ರಕ್ತದಾಗ ಸೋಡಿಯಂ ಏರಿದ್ರ ಮಕ್ಕಳಿಗೆ ಫಿಟ್ಸ್ ಬರ್ತಾವ, ಜೀವಾನೂ ಹೋಗ್ತೈತಿ ಅಂದ್ರು. ರಾತ್ರಿಪೂರ್ತಿ ಬಾಟಲಿ ಏರಿಸಿದ್ರು. ಕಲ್ಲು? ಮೂರನೇ ದಿನ ತಾನ ಹೊರಗ ಬಂತು.

ವಜ್ರ ಅಂದ್ರ ಇಂಗಾಲ, ಇದ್ದಿಲ ಜಾತಿ. 1797ರಾಗ ಸ್ಮಿತ್ಸನ್ ಟೆನಂಟ್ ಅನ್ನೋ ಇಂಗ್ಲಿಷ್ ವಿಜ್ಞಾನಿ ಅದನ್ನ ಸುಟ್ಟು ತೋರ್ಸಿದಾನ. ಹೊಟ್ಟಿ ಆಮ್ಲಕ್ಕ ಅದು ಕರಗಂಗಿಲ್ಲ, ಕರಗದ್ದು ರಕ್ತಕ್ಕ ಹೋಗಿ ವಿಷ ಹೆಂಗಾಗ್ತೈತಿ? ಗೋವಾದಾಗಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ 1563ರಾಗನ ಈ ನಂಬಿಕಿ ಸುಳ್ಳು ಅಂತ ಬರದಾನ. ಗಣಿ ಆಳುಗಳು ಕದ್ದು ನುಂಗ್ತಾರ, ಏನೂ ಆಗಂಗಿಲ್ಲ ಅಂತ. ಆಗ ವಿಜಯನಗರದ ಗಣಿಯಾಗ ದೊಡ್ಡ ಹರಳು ಸಿಕ್ರ ಅರಸನ ಭಂಡಾರಕ್ಕ ಒಪ್ಪಿಸಬೇಕಿತ್ತು, 20 ಮಂಜಾಡಿ (ಹರಳು ತೂಗೋ ಹಳೇ ಕಾಲದ ಅಳತಿ) ತೂಕ ಮೀರಿದ್ದೆಲ್ಲ ಅರಸಂದು ಅಂತ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರದಾನ. ನುಂಗೋರನ್ನ ಹೆದರ್ಸಾಕನ ವಿಷದ ಮಾತು ಹಬ್ಬಿಸಿರಬೇಕು ಅಂತ ನನಗ ಅನಸ್ತೈತಿ.

ವಿಷ ಅಲ್ಲ ಅಂದ್ರ ನಿರ್ಲಕ್ಷ್ಯ ಮಾಡು ಅಂತಲ್ಲ. ಜೊಲ್ಲು ಸುರೀತಿದ್ರ, ನುಂಗಾಕ ಆಗದಿದ್ರ, ಹೊಟ್ಟಿನೋವು, ವಾಂತಿ, ಮಲದಾಗ ರಕ್ತ ಇದ್ರ ತಡ ಮಾಡಬ್ಯಾಡ್ರಿ. ಮೂಗುಬೊಟ್ಟು ನುಂಗಿದ್ರ ಹರಳಿಗಿಂತ ಅದರ ಕಡ್ಡಿ ಅಪಾಯ. ಗುಂಡಿ ಸೆಲ್ (ಗಡಿಯಾರದಾಗಿನ ಚಪ್ಪಟಿ ಬ್ಯಾಟರಿ), ಆಯಸ್ಕಾಂತ ನುಂಗಿದ್ರಂತೂ ಒಂದು ನಿಮಿಷನೂ ಕಾಯಬ್ಯಾಡ್ರಿ. ಇನ್ನೊಂದು, ಗಾಜು ಎಕ್ಸ್‌ರೇದಾಗ ಬೆಳ್ಳಗೆ ಕಾಣ್ತೈತಿ, ವಜ್ರ ಕಾಣೋದು ಕಡಿಮಿ. ಎಕ್ಸ್‌ರೇ ಖಾಲಿ ಅಂದ ಮಾತ್ರಕ್ಕ ಕಲ್ಲು ಇಲ್ಲ ಅಂತಲ್ಲ.

ಕಲ್ಲು ಹೊರಗ ಬಂದ ಮ್ಯಾಲೆ ವಜ್ರ ಹೌದೋ ಅಲ್ಲೋ ನೋಡಾಕ ಸುತ್ತಿಗಿ ಹಿಡೀಬ್ಯಾಡ. ವಜ್ರ ಗೀರಾಕ ಗಟ್ಟಿ, ಪೆಟ್ಟಿಗೆ ಸೀಳ್ತೈತಿ. ನಾನು ಮಾಡೋದು ನೀರು ತೂಕ. ನೂರನೇ ಭಾಗದ ಗ್ರಾಂ ತೋರ್ಸೋ ಸಣ್ಣ ತಕ್ಕಡಿ ಸಾಕು. ಕಲ್ಲು ತೂಗು. ಆಮ್ಯಾಲೆ ಅರ್ಧ ಲೋಟ ನೀರು ತಕ್ಕಡಿ ಮ್ಯಾಲಿಟ್ಟು ಸೊನ್ನಿಗೆ ತಾ. ಕಲ್ಲಿಗೆ ತೆಳು ದಾರ ಕಟ್ಟಿ, ತಳ ಮುಟ್ಟದಂಗ, ಗೋಡಿ ತಾಗದಂಗ ನೀರಾಗ ಇಳಿಬಿಡು. ಆಗ ಕಾಣೋ ಅಂಕಿಯಿಂದ ಮೊದಲಿನ ತೂಕ ಭಾಗಿಸು. ಮಗಳು ನುಂಗಿದ್ದು 1.32 ಗ್ರಾಂ, ನೀರಾಗ 0.50. ಭಾಗಿಸಿದ್ರ 2.64, ಬರೀ ಬೆಣಚುಕಲ್ಲು! ವಜ್ರ ಆಗಿದ್ರ 3.52 ಬರಬೇಕು. ಟೋಪಾಜ್ ಅನ್ನೋ ಹರಳೂ ಹತ್ರತ್ರ ಅಷ್ಟ ಬರ್ತೈತಿ, ಹಂಗಾಗಿ ಅಂಕಿ ನೋಡಿ ಕುಣೀಬ್ಯಾಡ. ಕಲ್ಲಿಗೆ ಗುಳ್ಳಿ ಅಂಟಿದ್ರ ಲೆಕ್ಕ ಕೆಡ್ತೈತಿ, ನೀರಿಗೆ ಒಂದು ಹನಿ ಪಾತ್ರಿ ಸೋಪು ಬಿಡು. ಅರ್ಧ ಗ್ರಾಂಗಿಂತ ಸಣ್ಣ ಕಲ್ಲಿಗೆ ಈ ತಕ್ಕಡಿ ನಂಬಬ್ಯಾಡ.

ಆನ್‌ಲೈನ್‌ನ ಅಗ್ಗದ ಟೆಸ್ಟರ್ ಪೆನ್ ತಗೋಬ್ಯಾಡ್ರಿ, ವಜ್ರದಂಗ ಕಾಣೋ ಮೊಯ್ಸನೈಟ್ ಅನ್ನೋ ಬೇರೆ ಕಲ್ಲಿಗೂ ವಜ್ರ ಅಂತ ಕೂಗ್ತಾವ. ರೊಕ್ಕ ಇದ್ರ ಪ್ರೆಸಿಡಿಯಂ ಕಂಪನಿ ಟೆಸ್ಟರ್ ತಗೋರಿ, ಮೊಯ್ಸನೈಟ್ ಬೇರೆ ತೋರ್ಸೋ ಮಾಡೆಲ್ ನೋಡಿ.

ಖರೇ ಹೆದರಬೇಕಾದ ಧೂಳು ಬೇರೆ. ಸಂಡೂರಿನ ಜಾಸ್ಪರ್ (ಸಿಲಿಕಾ ತುಂಬಿದ ಬಣ್ಣದ ಕಲ್ಲು) ತಂದು ಮನ್ಯಾಗ ಒಣ ಬ್ಲೇಡಿಗೆ ಕೊಯ್ಯೋರ ಫೋಟೋ ಇದೇ ಗುಂಪಿನಾಗ ನೋಡೀನಿ, ಮೂಗಿಗೆ ಕರ್ಚೀಫು! ಆ ಸಿಲಿಕಾ ಧೂಳು ಪುಪ್ಪುಸದಾಗ ಕುಂತ್ರ ಮತ್ತ ಹೊರಗ ಬರಂಗಿಲ್ಲ. ನೀರು ಬಿಟ್ಟು ಕೊಯ್ರಿ, ಎನ್95 ಮಾಸ್ಕ್ ಹಾಕ್ಕೋರಿ. ನನಗ 3ಎಂ ಕಂಪನಿದು ಚಲೋ ಹೊಂದೈತಿ. ಇಂಗಳೀಕ (ಪಾದರಸದ ಕೆಂಪು ಅದಿರು), ಸೀಸದ ಅದಿರು ಬರಿಗೈಲೆ ಮುಟ್ಟಿ ಹಂಗ ರೊಟ್ಟಿ ಮುರೀಬ್ಯಾಡ್ರಿ. ಇಂಗಳೀಕ ಒಲಿ ಹತ್ರನೂ ಒಯ್ಯಬ್ಯಾಡ್ರಿ, ಪಾದರಸದ ಹೊಗಿ ಬರ್ತೈತಿ. ವಿಷ ಅಂದ್ರ ಅದು.

ಹರಳನ್ನೆಲ್ಲ ಮುಚ್ಚಳ ಬಿಗಿ ಇರೋ ಸ್ಟೀಲ್ ಡಬ್ಬಿಯಾಗ ಹಾಕಿ ಅಟ್ಟದ ಮ್ಯಾಲಿಡು. ಹುಡುಗ ಹೆಂಗದಾನ ಅಂತ ಇಲ್ಲೇ ಬರಿ ತಮ್ಮಾ, ಕಲ್ಲಿನ ತೂಕ ಆಮ್ಯಾಲೆ ನೋಡೋಣ.