ಗಾಲ್ಫ್‌ನಲ್ಲಿ ವೆಜ್‌ಗಳನ್ನು (ಚೆಂಡನ್ನು ಎತ್ತರಕ್ಕೆ ಎಬ್ಬಿಸಿ ಹತ್ತಿರಕ್ಕೆ ಹೊಡೆಯುವ ಕ್ಲಬ್ಬುಗಳು) ನಮಗೆ ತಕ್ಕಂತೆ ಫಿಟ್ಟಿಂಗ್ ಮಾಡಿಸಿದರೆ ಶಾರ್ಟ್ ಗೇಮ್, ಅಂದರೆ ಗುಳಿಯ ಹತ್ತಿರದ ಸಣ್ಣ ಹೊಡೆತಗಳ ಆಟ, ಸುಧಾರಿಸುತ್ತದೆಯೇ?

ಸುಧಾರಿಸುತ್ತದೆ, ಆದರೆ ಜನ ಅಂದುಕೊಳ್ಳುವ ಕಾರಣಕ್ಕಲ್ಲ. ಎಲ್ಲರೂ ಲಾಫ್ಟ್ ಬಗ್ಗೆಯೇ, ಅಂದರೆ ಕ್ಲಬ್ಬಿನ ಮುಖ ಎಷ್ಟು ಹಿಂದಕ್ಕೆ ವಾಲಿದೆ ಅನ್ನುವ ಕೋನದ ಬಗ್ಗೆಯೇ ಕೇಳುತ್ತಾರೆ. ಅದು ಸುಲಭದ ಲೆಕ್ಕ. ಈಗಿನ ಬಹುತೇಕ ಸೆಟ್‌ಗಳ ಪಿಚಿಂಗ್ ವೆಜ್ (ವೆಜ್‌ಗಳಲ್ಲಿ ಲಾಫ್ಟ್ ಅತಿ ಕಡಿಮೆ ಇರುವುದು) 43ರಿಂದ 46 ಡಿಗ್ರಿ ಇರುತ್ತದೆ. ಅಲ್ಲಿಂದ 4-6 ಡಿಗ್ರಿ ಅಂತರ ಬಿಟ್ಟು, ಅದು 46 ಇದ್ದರೆ 50, 54, 58 ಅಂತ ಜೋಡಿಸಿಕೊಂಡರೆ ಆಯಿತು.

ಅಸಲಿ ವಿಷಯ ಬೌನ್ಸ್. ಕ್ಲಬ್ಬಿನ ತಳ ಅದರ ಮುಂದಿನ ಅಂಚಿಗಿಂತ ಎಷ್ಟು ಕೆಳಗೆ ಇಳಿದಿದೆ ಅನ್ನುವ ಕೋನ ಅದು. ನೀವು ಕಡಿದಾಗಿ ಹೊಡೆದು ದೊಡ್ಡ ಡಿವಟ್ (ಹುಲ್ಲು-ಮಣ್ಣಿನ ಹೆಂಟೆ) ಕೀಳುವವರಾದರೆ 10 ಡಿಗ್ರಿಗಿಂತ ಜಾಸ್ತಿ ಬೌನ್ಸ್ ಬೇಕು. ಇಲ್ಲದಿದ್ದರೆ ಅಂಚು ನೇಗಿಲಿನಂತೆ ನೆಲಕ್ಕೆ ಹೂತುಕೊಳ್ಳುತ್ತದೆ. ಹುಲ್ಲನ್ನು ಸುಮ್ನೆ ಸವರಿಕೊಂಡು ಹೋಗುವವರಿಗೆ 4-8 ಸಾಕು. ನೆಲವನ್ನೂ ನೋಡಬೇಕು, ಅಲ್ವಾ? ಬೆಂಗಳೂರಿನ ಮಳೆಗಾಲದ ಮೆತ್ತನೆ ನೆಲಕ್ಕೆ ಒಗ್ಗಿದ ವೆಜ್, ಬೇಸಿಗೆಯ ಗಟ್ಟಿ ನೆಲದಲ್ಲಿ ಪುಟಿದು ಚೆಂಡಿನ ನಡುವಿಗೆ ಬಡಿಯಬಹುದು. ಹಾಗಾಗಿ ಮರಳುಗುಂಡಿಯಿಂದ ಹೊಡೆಯುವ ಸ್ಯಾಂಡ್ ವೆಜ್‌ಗೆ ಜಾಸ್ತಿ, ಅತಿ ಹೆಚ್ಚು ಲಾಫ್ಟ್ ಇರುವ ಲಾಬ್ ವೆಜ್‌ಗೆ ಕಡಿಮೆ ಬೌನ್ಸ್ ಇಟ್ಟುಕೊಳ್ಳುವುದು ಜಾಣತನ.

ಲೈ ಕೋನವನ್ನೂ, ಅಂದರೆ ಕ್ಲಬ್ಬಿನ ಕೋಲಿಗೂ ನೆಲಕ್ಕೂ ನಡುವಿನ ಕೋನವನ್ನೂ ನೋಡಿಸಿ. ಬಲಗೈ ಆಟಗಾರರ ಕ್ಲಬ್ಬಿನ ತಲೆಯ ಹೊರತುದಿ ಮೇಲೆದ್ದಿದ್ದರೆ ಚೆಂಡು ಎಡಕ್ಕೆ ಹೋಗುತ್ತದೆ. ಲಾಫ್ಟ್ ಹೆಚ್ಚಿದಷ್ಟೂ ಈ ತಪ್ಪು ಎದ್ದು ಕಾಣುತ್ತದೆ.

ಫಿಟ್ಟಿಂಗನ್ನು ಆದಷ್ಟು ಹುಲ್ಲಿನ ಮೇಲೇ ಮಾಡಿಸಿ. ಅಭ್ಯಾಸದ ಕೃತಕ ಹುಲ್ಲಿನ ಮ್ಯಾಟ್ ಮೇಲೆ ಕ್ಲಬ್ಬು ಜಾರುವುದರಿಂದ ಬೌನ್ಸ್ ಸರಿಯಿಲ್ಲದಿದ್ದರೂ ಗೊತ್ತಾಗುವುದಿಲ್ಲ.